ರೆಕಾರ್ಡಿಗೆ ಹಚ್ಚಿದ ಕುಂಕುಮ

ಒಂದು ಜರ್ಮನ್ ಪಂಕ್ ಬ್ಯಾಂಡಿನ ಎಲ್ಲ ರೆಕಾರ್ಡುಗಳೂ ನನ್ನ ಹತ್ತಿರ ಇವೆ. ಎಲ್ಲ ಎಂದರೆ ಎಲ್ಲ. ನಲವತ್ತು ವರ್ಷ ದಾಟಿದ ಬ್ಯಾಂಡ್ ಅದು, ಇವತ್ತಿಗೂ ಊರೂರು ತಿರುಗಿ ಹಾಡುತ್ತಿದೆ. ಹೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿರುವ ನನ್ನ ಮನೆಯ ಗರಾಜಿನಲ್ಲಿ ಒಂದು ಗೋಡೆ ಪೂರ್ತಿ ಅವರದೇ. ನನ್ನ ವಯಸ್ಸಿನ ಕನ್ನಡದವರು ರಿಟೈರ್ ಆದಮೇಲೆ ಗೀತಾ ಕ್ಲಾಸಿಗೋ ಗಾಲ್ಫಿಗೋ ಹೋಗುತ್ತಾರೆ. ನಾನು ಬೆಳಿಗ್ಗೆ ಕಾಫಿ ಕುಡಿದು ಗರಾಜಿಗೆ ಹೋಗುತ್ತೇನೆ. ಸ್ಟಾಫರ್ಡ್‌ನ ಅಂಗಡಿಯಲ್ಲಿ ತೆಂಗಿನಕಾಯಿ ಕುಲುಕಿ ನೋಡುತ್ತ ನಿಂತಿದ್ದರೆ ಪರಿಚಯದವರು ಬಂದು, "ಅಂಕಲ್, ಇನ್ನೂ ಆ ಗಲಾಟೆ ಮ್ಯೂಸಿಕ್ಕೇ ಕೇಳ್ತಿದೀರಾ?" ಎನ್ನುತ್ತಾರೆ. "ಕೇಳ್ತಿದೀನಪ್ಪ, ಕಿವಿ ಇನ್ನೂ ಚೆನ್ನಾಗಿದೆ" ಎಂದು ಕಾಯಿ ಕುಲುಕುವುದನ್ನು ಮುಂದುವರಿಸುತ್ತೇನೆ.

ಗಲಾಟೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೇಳದೆಯೇ ತೀರ್ಪು ಕೊಡುವ ಜನ ಅವರು. ಮೊದಮೊದಲ ರೆಕಾರ್ಡುಗಳಲ್ಲಿ ಈ ಬ್ಯಾಂಡಿಗೆ ಗಿಟಾರಿನ ‘ಕಾರ್ಡ್’ ಎನ್ನುವ ಮೂರು ಸ್ವರಗುಚ್ಛಗಳಿಗಿಂತ ಹೆಚ್ಚು ಬರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಬರುತ್ತಿದ್ದ ಮೂರನ್ನೇ ಮೈಮೇಲೆ ಬಂದವರಂತೆ ಬಾರಿಸುತ್ತಿದ್ದರು. ಮೂರನೆಯ ಆಲ್ಬಮ್ಮಿನ ಹೊತ್ತಿಗೆ ಗಾಯಕ ಕೂಗುವುದನ್ನು ಬಿಟ್ಟು ಹಾಡಲು ಕಲಿತ. ಏಳನೆಯದರಲ್ಲಿ ಪಿಟೀಲು ಸೇರಿಸಿದರು. ಆಗ ನಾನು ಮೂರು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದೆ. ಅದು ಅವರಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಒಂದು ದಿನ ಅದೇ ಆಲ್ಬಮ್ಮಿನ ಎರಡನೆಯ ಬದಿಯಲ್ಲಿ, ಮುಚ್ಚಿಹೋದ ಕಾರ್ಖಾನೆಯೊಂದರ ಬಗ್ಗೆ ನಿಧಾನವಾದ ಹಾಡು ಬಂತು. ಅದರಲ್ಲಿ ಡ್ರಮ್ ಮಾತ್ರ ಕಾರ್ಖಾನೆಯ ಮೆಷಿನ್ನಿನಂತೆ ಒಂದೇ ಸಮನೆ ಬಡಿಯುತ್ತಿರುತ್ತದೆ, ಉಳಿದ ವಾದ್ಯಗಳು ಒಂದೊಂದಾಗಿ ನಿಲ್ಲುತ್ತವೆ. ಅದನ್ನು ಕೇಳಿ ಅತ್ತುಬಿಟ್ಟೆ. ಪಿಟೀಲನ್ನು ಅಂದೇ ಕ್ಷಮಿಸಿದೆ.

ಆ ಡ್ರಮ್ ಬಾರಿಸುವವನು ನನ್ನ ಸ್ನೇಹಿತ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಒಂದು ಯಂತ್ರ ಕಾರ್ಖಾನೆ ನನ್ನನ್ನು ತರಬೇತಿಗೆಂದು ಪಶ್ಚಿಮ ಜರ್ಮನಿಗೆ ಕಳಿಸಿತ್ತು. ಅಲ್ಲಿ ನನ್ನ ಪಕ್ಕದ ಲೇತ್‌ನಲ್ಲಿ ಅವನು ಕೆಲಸ ಕಲಿಯುತ್ತಿದ್ದ. ಉದ್ದಕ್ಕೆ ಬಡಕಲಾಗಿದ್ದ, ಕೂದಲಿಗೆ ಹಸಿರು ಬಣ್ಣ ಹಚ್ಚಿದ್ದ. ನಾನು ದೇವಸ್ಥಾನಕ್ಕೆ ಅಷ್ಟಾಗಿ ಹೋಗುವವನಲ್ಲ, ಆದರೆ ಆಯುಧಪೂಜೆ ಬಿಟ್ಟವನೂ ಅಲ್ಲ. ನಮ್ಮ ತಂದೆ ಫಿಟ್ಟರ್ ಆಗಿದ್ದವರು. ಅನ್ನ ಕೊಡುವ ಮೆಷಿನ್ನಿಗೆ ವರ್ಷಕ್ಕೊಂದು ದಿನ ಕುಂಕುಮ ಇಡದವನನ್ನು ಅವರು ಮನುಷ್ಯನೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಆ ವರ್ಷ ಜರ್ಮನಿಯಲ್ಲೂ ನನ್ನ ಲೇತ್‌ಗೆ ಯಾರೂ ನೋಡದಾಗ ಕುಂಕುಮ ಹಚ್ಚಿದೆ. ಮಧ್ಯಾಹ್ನ ಮೇಸ್ತ್ರಿ ಬಂದು, ಮೆಷಿನ್ನಿಗೆ ಕೆಂಪು ಬಣ್ಣ ಬಳಿದವರು ಯಾರು ಎಂದು ಗುಡುಗಿದ. ಹಸಿರು ಕೂದಲಿನವನು ತಲೆಯೆತ್ತದೆ "ನಾನು" ಎಂದ. ಅವನ ತಲೆ ನೋಡಿ ಮೇಸ್ತ್ರಿ ತಕ್ಷಣ ನಂಬಿದ. ಅವತ್ತಿನಿಂದ ನಾವಿಬ್ಬರೂ ಒಟ್ಟಿಗೆ ಊಟಕ್ಕೆ ಕೂರತೊಡಗಿದೆವು.

ಮರುವರ್ಷ ಅವರ ಮೊದಲ ಸಿಂಗಲ್, ಅಂದರೆ ಬದಿಗೊಂದೇ ಹಾಡಿನ ಪುಟ್ಟ ತಟ್ಟೆ, ರೆಕಾರ್ಡ್ ಆಯಿತು. ಒಂದು ಶನಿವಾರ ಮಧ್ಯಾಹ್ನ, ಬೇಕರಿಯೊಂದರ ನೆಲಮಾಳಿಗೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿದ್ದರು. ಹಾಡಿನ ಕೊನೆಯ ಪಲ್ಲವಿಗೆ ಗುಂಪಿನ ಕೂಗು ಬೇಕಿತ್ತು. ಡ್ರಮ್ಮರ್ ನಮ್ಮ ಹಾಸ್ಟೆಲಿಗೆ ಬಂದು ಆರು ಜನರನ್ನು ಎಳೆದುಕೊಂಡು ಹೋದ. ಆ ಆರರಲ್ಲಿ ನಾನೂ ಒಬ್ಬ. ನಮಗೆ ಕಲಿಸಿದ ಜರ್ಮನ್ ಸಾಲಿನ ಅರ್ಥ ಇಷ್ಟೇ: ಪಕ್ಕಕ್ಕೆ ಸರಿಯಿರಿ, ನಾವೂ ಬಂದಿದ್ದೇವೆ. ಅದನ್ನು ನಾಲ್ಕು ಸಲ ಕೂಗಬೇಕು. ಉಳಿದಿದ್ದ ಟೇಪು ಒಂದೇ ಸಲಕ್ಕೆ ಸಾಲುವಷ್ಟಿತ್ತು, ಹಾಗಾಗಿ ಒಂದೇ ಸಲ ಕೂಗಿದೆವು. ಎರಡು ತಿಂಗಳ ಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡ ಕಪ್ಪು ತಟ್ಟೆಯೊಂದು ನನ್ನ ಕೈಗೆ ಬಂತು.

ನನ್ನ ದನಿ ಒಂದು ರೆಕಾರ್ಡಿನಲ್ಲಿದೆ ಎಂದು ಅಂದಿನಿಂದ ಹೇಳುತ್ತ ಬಂದಿದ್ದೇನೆ, ನಂಬಿದವರು ಒಬ್ಬರೂ ಇಲ್ಲ. ನನ್ನ ಹೆಂಡತಿ "ಹೌದಂತೆ" ಎಂದು ಊರವರ ಸುದ್ದಿ ಹೇಳುವ ಹಾಗೆ ಹೇಳುತ್ತಾಳೆ. ಮಗಳು ಆಸ್ಟಿನ್‌ನಲ್ಲಿ ನಾಯಿ ಬೆಕ್ಕುಗಳ ಡಾಕ್ಟರು. ಅವಳಿಗೆ ಹತ್ತು ವರ್ಷವಿದ್ದಾಗ ಆ ಹಾಡಿನ ಕ್ಯಾಸೆಟ್ ಪ್ರತಿಯನ್ನು ಕಾರಿನಲ್ಲಿ ಹಾಕಿ, "ಇದೋ, ಈಗ ಬರುತ್ತೆ ನೋಡು ನಾನು" ಎಂದಿದ್ದೆ. ಅವಳು ಗಮನವಿಟ್ಟು ಕೇಳಿ, "ಅಪ್ಪಾ, ಇಟ್ಸ್ ಜಸ್ಟ್ ಸಮ್ ಜರ್ಮನ್ಸ್ ಯೆಲ್ಲಿಂಗ್" ಎಂದು ಕಿಟಕಿಯ ಕಡೆ ತಿರುಗಿದಳು. ಯಾರೋ ಜರ್ಮನ್ನರು ಅರಚುತ್ತಿದ್ದಾರೆ ಎನ್ನುವ ಆ ತೀರ್ಮಾನವನ್ನು ಆಮೇಲೆ ಅವಳು ಬದಲಾಯಿಸಲಿಲ್ಲ. ಆ ಕ್ಯಾಸೆಟ್ಟೂ ಟೆಕ್ಸಸ್ಸಿನ ಬಿಸಿಲಿಗೆ ಕಾರಿನಲ್ಲೇ ಸೊಟ್ಟಗಾಯಿತು. ಉಳಿದದ್ದು ರೆಕಾರ್ಡು. ಅದನ್ನು ನಾನು ಹೆಚ್ಚೆಂದರೆ ಹತ್ತು ಸಲ ಹಾಕಿರಬೇಕು. ಬೇರೆ ಯಾರ ಬೆರಳೂ ಅದಕ್ಕೆ ತಾಗಲು ಬಿಟ್ಟಿರಲಿಲ್ಲ.

ಹೋದ ವರ್ಷ ನವರಾತ್ರಿಯ ವಾರದಲ್ಲಿ ಡ್ರಮ್ಮರ್‌ನಿಂದ ಇಮೇಲ್ ಬಂತು. ಬ್ಯಾಂಡಿನ ಎಲ್ಲ ರೆಕಾರ್ಡಿಂಗ್‌ಗಳನ್ನೂ ಸೇರಿಸಿ ಒಂದು ದೊಡ್ಡ ಪೆಟ್ಟಿಗೆಯಾಗಿ ಮಾರುಕಟ್ಟೆಗೆ ತರುತ್ತಿದ್ದಾರಂತೆ. ಮೊದಲ ಸಿಂಗಲ್‌ನ ಮೂಲ ಟೇಪು ನೆಲಮಾಳಿಗೆಗೆ ನೀರು ನುಗ್ಗಿ ಹಾಳಾಗಿದೆ. ಅಚ್ಚಾದದ್ದೇ ಕೆಲವು ಪ್ರತಿಗಳು. ಸಿಕ್ಕಿದ ಒಂದೆರಡು, ಸೂಜಿ ಗೀಚಿ ಗೀಚಿ ಸವೆದಿವೆ. ಅವನ ಸ್ವಂತ ಪ್ರತಿಯನ್ನು ಯಾರೋ ಸಿಗರೇಟಿನ ಬೂದಿ ಹಾಕಲು ಬಳಸಿದ್ದರು. ಕೊನೆಯ ಸಾಲಿನಲ್ಲಿ ಬರೆದಿದ್ದ: "ನಿನ್ನದು ಚೆನ್ನಾಗಿರುತ್ತದೆ ಎಂದು ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ."

ಆ ಸಾಲನ್ನು ನಾನು ಹೆಂಡತಿಗೆ ಕನ್ನಡ ಮಾಡಿ ಎರಡು ಸಲ ಓದಿ ಹೇಳಿದೆ. ಜರ್ಮನಿಯಲ್ಲಿ ಅಷ್ಟು ದೊಡ್ಡ ಬ್ಯಾಂಡಿನವರ ಹತ್ತಿರ ಇಲ್ಲದ ಅವರದೇ ಹಾಡು ನನ್ನ ಗರಾಜಿನಲ್ಲಿದೆ. ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂರನೆಯ ದಿನ ಆಯುಧಪೂಜೆ.

ನಮ್ಮ ಮನೆಯ ಆಯುಧಪೂಜೆ ಗರಾಜಿನಲ್ಲೇ. ಎರಡು ಕಾರು, ಹುಲ್ಲು ಕತ್ತರಿಸುವ ಮೆಷಿನ್ನು, ಡ್ರಿಲ್ಲು, ಸ್ಪ್ಯಾನರುಗಳು, ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರು. ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಒಡೆಯಲು ಬೂದುಗುಂಬಳಕಾಯಿ. ಆ ವರ್ಷ ನನಗೆ ಒಂದು ಯೋಚನೆ ಬಂತು. ರೆಕಾರ್ಡ್ ಪ್ಲೇಯರಿಗೆ ಪೂಜೆ ಮಾಡಿ ರೆಕಾರ್ಡನ್ನೇ ಬಿಡುವುದು ಎಂಥ ನ್ಯಾಯ? ಹೊದಿಕೆಯ ಮೇಲೆ ಕುಂಕುಮ ಇಟ್ಟರೆ ಚಿತ್ರ ಹಾಳಾಗುತ್ತದೆ ಎಂದು ತಟ್ಟೆಯನ್ನೇ ಹೊರಗೆ ತೆಗೆದೆ. ಆಂಪ್ಲಿಫೈಯರಿಗೆ ಒರಗಿಸಿ ನಿಲ್ಲಿಸಿದೆ. ನಡುವಿನ ಕಾಗದದ ಬಿಲ್ಲೆ ಹಣೆಯ ಹಾಗೆ ಕಂಡಿತು. ಅದರ ಮೇಲೆ ದಪ್ಪಗೆ ಗಂಧ ಹಚ್ಚಿ, ಕುಂಕುಮವಿಟ್ಟು, ದೂರ ಸರಿದು ನೋಡಿ ಸಂತೋಷಪಟ್ಟೆ. ಮಂಗಳಾರತಿ ಎತ್ತಿ, ಒಳಗೆ ಹೋಗಿ ಪಾಯಸದ ಊಟ ಮಾಡಿದೆವು.

ಊಟ ಮುಗಿಸಿ ಬಂದು ನೋಡಿದರೆ ಗಂಧ ಇಳಿದಿತ್ತು. ನಾನು ನೀರು ಜಾಸ್ತಿ ಹಾಕಿ ಕಲೆಸಿದ್ದೆ. ಬಿಲ್ಲೆಯಿಂದ ಹೊರಟ ಕೆಂಪು ಗೆರೆ ಹಾಡು ಕೂತಿರುವ ಒಳಗಿನ ಕೊನೆಯ ಗೀರುಗಳ ಮೇಲೆ ಹರಿದು ಅಲ್ಲೇ ಒಣಗಿ ಕೂತಿತ್ತು. ನನಗೆ ಕೈಕಾಲು ಆಡಲಿಲ್ಲ. ಆಮೇಲೆ ಆಡಿದ್ದು ಇನ್ನೂ ಕೆಟ್ಟದಾಯಿತು. ಉಟ್ಟಿದ್ದ ಪಂಚೆಯ ತುದಿಯನ್ನು ಒದ್ದೆ ಮಾಡಿಕೊಂಡು ಗಡಿಬಿಡಿಯಲ್ಲಿ ಉಜ್ಜಿದೆ. ಕುಂಕುಮದ ಪುಡಿ ಗೀರುಗಳ ಒಳಗೆ ಸೇರಿಕೊಂಡಿತು. ನಲವತ್ತು ವರ್ಷ ಮೆಷಿನ್ ಕೆಲಸ ಮಾಡಿದವನು, ನಯವಾದ ಮೇಲ್ಮೈಯನ್ನು ಪುಡಿ ಹಾಕಿ ಉಜ್ಜಬಾರದು ಎಂದು ಎಷ್ಟು ಜನಕ್ಕೆ ಕಲಿಸಿದ್ದೇನೋ.

ರೆಕಾರ್ಡ್ ಹಾಕಿದೆ. ಹಾಡು ಮೊದಲಿನಿಂದ ಚಿನ್ನದ ಹಾಗೆ ಬಂತು. ಈ ಬಗೆಯ ತಟ್ಟೆಯಲ್ಲಿ ಸೂಜಿ ಹೊರಗಿನಿಂದ ಒಳಕ್ಕೆ ಬರುತ್ತದೆ. ಬಿಲ್ಲೆಯ ಪಕ್ಕದಲ್ಲಿರುವುದು ಹಾಡಿನ ಕೊನೆ. ಕೊನೆಯ ಪಲ್ಲವಿ ಬಂದದ್ದೇ ಚಟ್ ಚಟ್ ಚಟ್ ಎಂದು ಒಗ್ಗರಣೆಯ ಸಾಸಿವೆ ಸಿಡಿದ ಸದ್ದು. ನಾನಿದ್ದದ್ದು ಅಲ್ಲೇ, ಆ ಕೂಗಿನಲ್ಲಿ. ಬೇರೆ ಎಲ್ಲೂ ಅಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಪೂಜೆ ಮಾಡಿದೋರೂ ನೀವೇ, ಹಾಳು ಮಾಡಿದೋರೂ ನೀವೇ. ಈಗ ನನ್ನ ಮೇಲೆ ರೇಗ್ಬೇಡಿ" ಎಂದಳು. ನಾನು ಇನ್ನೂ ರೇಗಿರಲಿಲ್ಲ. ರೇಗುವವನಿದ್ದೆ ಎನ್ನುವುದು ಅವಳಿಗೆ ಗೊತ್ತಿತ್ತು.

ಡ್ರಮ್ಮರ್‌ಗೆ ನಡೆದದ್ದೇನೂ ಬರೆಯಲಿಲ್ಲ. "ಚೆನ್ನಾಗಿದೆ, ಕಳಿಸುತ್ತೇನೆ" ಎಂದಷ್ಟೇ ಬರೆದೆ. ಸುಳ್ಳು ಬರೆದೆ ಎಂದೇ ಹೇಳಬೇಕು. ಮಗಳಿಗೆ ಫೋನ್ ಮಾಡಿ ನಡೆದದ್ದು ಹೇಳಿದಾಗ ಅವಳು ತನ್ನ ಕ್ಲಿನಿಕ್ಕಿನ ದನಿಯಲ್ಲಿ, "ಡೋಂಟ್ ಟಚ್ ಇಟ್, ಅಪ್ಪಾ. ಪಂಚೆ ಗಿಂಚೆ ದೂರ ಇಡು" ಎಂದಳು. ಆಸ್ಟಿನ್‌ನಲ್ಲಿ ಹಳೆಯ ರೆಕಾರ್ಡುಗಳನ್ನು ತೊಳೆದು ಕಂಪ್ಯೂಟರಿಗೆ ಇಳಿಸುವವನೊಬ್ಬ ಅವಳಿಗೆ ಗೊತ್ತಿದ್ದ. ಅವನ ಮುದಿ ನಾಯಿಗೆ ಅವಳೇ ಡಾಕ್ಟರು. ಆ ಶನಿವಾರ ರೆಕಾರ್ಡನ್ನು ಎರಡು ದಿಂಬುಗಳ ನಡುವೆ ಇಟ್ಟುಕೊಂಡು ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಮಗಳೂ ಅವನಲ್ಲಿಗೆ ಜೊತೆಗೆ ಬಂದಳು.

ನೆರೆತ ಗಡ್ಡದ ಆ ಮನುಷ್ಯನಿಗೆ ಮಾತು ಕಡಿಮೆ. ಕೆಂಪು ಕಲೆ ನೋಡಿ ಇದೇನು ಎಂದು ಕೇಳಿದ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಪುಡಿ, ಜೊತೆಗೆ ಗಂಧ ಎಂದೆ. ಹಾಗಾದರೆ ಎಣ್ಣೆಯ ಅಂಶ ಇರುತ್ತದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಯಾವುದೋ ದ್ರಾವಣ ಹಾಕಿ, ಮೆತ್ತನೆಯ ಬ್ರಷ್ ಆಡಿಸಿ, ನೀರನ್ನು ಮೆಷಿನ್ನಿನಿಂದ ಹೀರಿ ತೆಗೆದ. ಮೂರು ಸಲ ಹಾಗೆ ಮಾಡಿದ. ಅವನ ಕೈ ನೋಡಿ ನನಗೆ ಗೌರವ ಬಂತು. ಒಳ್ಳೆಯ ಫಿಟ್ಟರ್ ಆಗುತ್ತಿದ್ದ. ಹಾಡನ್ನು ಇಳಿಸಿ ಕಂಪ್ಯೂಟರಿನ ಪರದೆಯ ಮೇಲೆ ಅದರ ಸದ್ದಿನ ಏರಿಳಿತದ ಗೆರೆಗಳನ್ನು ತೋರಿಸಿದ. ಸಿಡಿತಗಳಲ್ಲಿ ಮುಕ್ಕಾಲು ಪಾಲು ಹೋಗಿದ್ದವು. ಐದು ಉಳಿದಿದ್ದವು, ಐದೂ ಕೊನೆಯ ಪಲ್ಲವಿಯಲ್ಲಿ.

ಆ ಭಾಗವನ್ನು ಅವನು ಮತ್ತೆ ಮತ್ತೆ ಕೇಳಿದ. ಆಮೇಲೆ ಪರದೆಯ ಮೇಲೊಂದು ಪುಟ್ಟ ಉಬ್ಬನ್ನು ಪೆನ್ಸಿಲಿನಿಂದ ತೋರಿಸಿ, ಇಲ್ಲಿ ಒಬ್ಬ ಎಲ್ಲರಿಗಿಂತ ತಡವಾಗಿ ಶುರು ಮಾಡಿದ್ದಾನೆ, ನಾಲ್ಕು ಸಲವೂ ಹಾಗೇ, ಇವನು ಯಾರೋ ಎಂದ.

ರೆಕಾರ್ಡಿನಲ್ಲಿ ಇದ್ದೇನೆ ಎಂದು ಎಲ್ಲರಿಗೂ ಹೇಳಿದ್ದೆ. ತಡವಾಗಿ ಬಂದಿದ್ದೇನೆ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಉಳಿದ ಐವರು ಗಾಯಕನ ಬಾಯಿ ನೋಡಿಕೊಂಡು ಕೂಗಿದ್ದರು. ನಮ್ಮ ಮನೆಯಲ್ಲಿ ತಾಳದ ಕೈ ನೋಡುವ ಅಭ್ಯಾಸ. ನಾನು ಡ್ರಮ್ಮರ್‌ನ ಕೋಲು ಕೆಳಗೆ ಬೀಳುವುದನ್ನೇ ನೋಡುತ್ತಿದ್ದೆ, ಬಿದ್ದ ಮೇಲೆ ಬಾಯಿ ತೆರೆದೆ. ಅಷ್ಟರಲ್ಲಿ ಉಳಿದವರು ಅರ್ಧ ಪದ ಮುಂದೆ ಹೋಗಿದ್ದರು.

"ನಾನೇ" ಎಂದೆ.

ಮಗಳು ನನ್ನ ಮುಖ ನೋಡಿದಳು, ಪರದೆ ನೋಡಿದಳು. ಇನ್ನೊಂದು ಸಲ ಹಾಕಿ ಎಂದು ಅವನಿಗೆ ಹೇಳಿದಳು. ಸಿಡಿತಗಳ ಮಧ್ಯೆ ಆ ದನಿ ಮುಳುಗಿ ಏಳುತ್ತಿತ್ತು. "ಗೊತ್ತಾಗ್ತಿಲ್ಲ ಅಪ್ಪಾ" ಎಂದಳು. ಹಿಂದಿನಂತೆ ಕಿಟಕಿಯ ಕಡೆ ಮಾತ್ರ ತಿರುಗಲಿಲ್ಲ.

ಗಡ್ಡದವನು ದಾರಿಯೊಂದನ್ನು ಹೇಳಿದ. ಆ ಸಿಡಿತಗಳನ್ನು ಒಂದೊಂದಾಗಿ ಕಿತ್ತರೆ ಕೂಗಿನ ಚೂರುಗಳೂ ಜೊತೆಗೆ ಬರುತ್ತವೆ. ಅದರ ಬದಲು, ಇದೇ ಪಲ್ಲವಿಯನ್ನು ಬ್ಯಾಂಡಿನವರು ಹಾಡಿನ ನಡುವೆಯೂ ಹಾಡಿದ್ದಾರಲ್ಲ, ಅದನ್ನು ನಕಲು ಮಾಡಿ ಕೊನೆಗೆ ಕೂರಿಸಬಹುದು. ಒಂದೇ ಒಂದು ಕಲೆ ಇರುವುದಿಲ್ಲ. ಯಾರಿಗೂ ತಿಳಿಯುವುದಿಲ್ಲ. ಹಾಸ್ಟೆಲಿನ ಆರು ಜನ ಮಾತ್ರ ಇರುವುದಿಲ್ಲ.

ಎರಡನ್ನೂ ಮಾಡಿಕೊಡು ಎಂದೆ. ಸಿಡಿತವಿರುವುದೊಂದು, ಶುದ್ಧವಾದದ್ದೊಂದು. ಹೊರಗೆ ಬಂದು ಕಾರಿನ ಹತ್ತಿರ ನಿಂತಾಗ ನನ್ನ ತೀರ್ಮಾನ ಆಗಿಹೋಗಿತ್ತು.

"ಕ್ಲೀನ್ ಇರೋದನ್ನೇ ಕೊಡ್ತೀನಿ" ಎಂದೆ.

"ವೈ? ನೀನೇ ಇಲ್ವಲ್ಲ ಅದ್ರಲ್ಲಿ."

"ಅವರ ಹಾಡು ಕಣೇ. ನನ್ನಿಂದ ಹಾಳಾಗಿದೆ. ನಾನು ಇರ್ಲೇಬೇಕು ಅಂತ ಸಿಡಿಯೋ ರೆಕಾರ್ಡ್ ಕೊಡಕ್ಕಾಗುತ್ತಾ?"

"ಇಷ್ಟ್ ವರ್ಷ ಅದನ್ನೇ ತಾನೇ ಹೇಳ್ತಿದ್ದೆ ನೀನು" ಎಂದಳು. ಮಗಳು ಒಂದೇ ಉಸಿರಿಗೆ ಅಷ್ಟು ಕನ್ನಡ ಮಾತಾಡಿದರೆ ಕೋಪ ಬಂದಿದೆ ಎಂದೇ ಅರ್ಥ. ಹೂಸ್ಟನ್ ದಾರಿಯುದ್ದಕ್ಕೂ ನಾನು ಸರಿ ಎಂದು ನನಗೇ ಹೇಳಿಕೊಳ್ಳುತ್ತ ಬಂದೆ. ಅಷ್ಟು ಸಲ ಹೇಳಿಕೊಳ್ಳಬೇಕಾಗಿ ಬಂದದ್ದರಲ್ಲೇ ನನಗೆಷ್ಟು ಸಂಕಟವಾಗಿತ್ತು ಎನ್ನುವುದು ತಿಳಿಯಬೇಕಿತ್ತು. ಆ ವಾರ ಗರಾಜಿಗೆ ಕಾಲಿಡಲಿಲ್ಲ.

ಹದಿನೈದು ದಿನಗಳ ಮೇಲೆ ಬ್ಯಾಂಡಿನವರು ಕಾರ್ಯಕ್ರಮಗಳಿಗೆಂದು ಮೆಕ್ಸಿಕೋಗೆ ಹೊರಟಿದ್ದರು. ಡಲ್ಲಾಸ್‌ನಲ್ಲಿ ವಿಮಾನ ಬದಲಾಯಿಸಬೇಕು, ನಡುವೆ ಆರು ಗಂಟೆ ಸಮಯ. ಪೋಸ್ಟಿನಲ್ಲಿ ಕಳಿಸಬೇಡ, ನಾನೇ ಬಂದು ತೆಗೆದುಕೊಳ್ಳುತ್ತೇನೆ ಎಂದು ಡ್ರಮ್ಮರ್ ಬರೆದ. ನಾನು ಹೂಸ್ಟನ್ನಿನಿಂದ ಹೊರಟೆ, ಮಗಳು ರಜಾ ಹಾಕಿ ಆಸ್ಟಿನ್‌ನಿಂದ ಬಂದಳು. ಏರ್‌ಪೋರ್ಟಿನ ಬಾಗಿಲಲ್ಲಿ ಅವನನ್ನು ಹತ್ತಿಸಿಕೊಂಡು ಪಕ್ಕದ ಯೂಲೆಸ್‌ಗೆ ಹೋಗಿ ದೋಸೆ ತಿಂದೆವು. ಹಸಿರು ಕೂದಲಿನವನಿಗೆ ಈಗ ಕೂದಲೇ ಇಲ್ಲ. ಮಂಡಿಗೆ ಪಟ್ಟಿ ಕಟ್ಟಿದ್ದ, ಮೆನು ಓದಲು ಕನ್ನಡಕ ಹುಡುಕಿದ. ನನ್ನ ಹೆಂಡತಿ ಕಳಿಸಿದ್ದ ಕೋಡುಬಳೆಯ ಡಬ್ಬಿಯನ್ನು ಅಲ್ಲೇ ತೆರೆದು ಅರ್ಧ ಖಾಲಿ ಮಾಡಿದ.

ಊಟದ ಮೇಲೆ ಮಗಳ ಕಾರಿನಲ್ಲಿ ಕೂತೆವು. ಅವಳ ಕಾರಿನ ಸ್ಪೀಕರುಗಳು ನನ್ನವಕ್ಕಿಂತ ಚೆನ್ನಾಗಿವೆ. ನಾವಿಬ್ಬರು ಮುಂದೆ, ಮಗಳು ಹಿಂದೆ. ರೆಕಾರ್ಡನ್ನು ಅವನ ಕೈಗೆ ಕೊಟ್ಟೆ. ಬಿಲ್ಲೆಯ ಮೇಲಿನ ಕೆಂಪನ್ನು ನೋಡಿದ ಅವನಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. "ಇದಕ್ಕೂ ನಿನ್ನ ಮೆಷಿನ್ ಹಬ್ಬ ಮಾಡಿದೆಯಾ?" ಎಂದು ಜರ್ಮನ್‌ನಲ್ಲಿ ಕೇಳಿದ. ನಾನು ಎಲ್ಲವನ್ನೂ ಹೇಳಿದೆ. ಗಂಧ ಇಳಿದದ್ದು, ಪಂಚೆಯಿಂದ ಉಜ್ಜಿದ್ದು, ಚೆನ್ನಾಗಿದೆ ಎಂದು ಸುಳ್ಳು ಬರೆದದ್ದು. ತಪ್ಪಾಯಿತು ಎಂದೆ. ನನ್ನ ಬಾಯಿಂದ ಸುಲಭವಾಗಿ ಬರುವ ಮಾತಲ್ಲ ಅದು. ಅವನು ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, "ಹಾಕು, ಕೇಳೋಣ" ಎಂದ.

ಎರಡು ಪ್ರತಿಗಳೂ ಇದ್ದ ಪೆನ್ ಡ್ರೈವ್ ಸಿಕ್ಕಿಸಿ ಶುದ್ಧವಾದದ್ದನ್ನು ಹಾಕಿದೆ. ಯಾವುದೆಂದು ಹೇಳಲಿಲ್ಲ. ಮಗಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿರುವುದು ಗೊತ್ತಾಗುತ್ತಿತ್ತು. ನಾನು ಆ ಕಡೆ ನೋಡಲಿಲ್ಲ.

ಅವನು ಕಣ್ಣು ಮುಚ್ಚಿಕೊಂಡು ಡ್ಯಾಶ್‌ಬೋರ್ಡಿನ ಮೇಲೆ ಎರಡು ಬೆರಳಲ್ಲಿ ಬಾರಿಸುತ್ತಿದ್ದ. ಇಪ್ಪತ್ತರ ಹುಡುಗರು ಬೇಕರಿಯ ನೆಲಮಾಳಿಗೆಯಲ್ಲಿ ಬಾರಿಸಿದ್ದು ಹೊಸದಾಗಿ, ಹರಿತವಾಗಿ ಕಾರಿನ ತುಂಬ ತುಂಬಿಕೊಂಡಿತು. ಅದನ್ನು ನಾನು ಕಾಪಾಡಿದ್ದೆ, ಇಷ್ಟಾದರೂ ಕಾಪಾಡಿದ್ದೆ ಎನಿಸಿತು. ಕೊನೆಯ ಪಲ್ಲವಿ ಬಂತು. ಒಂದು ಸಿಡಿತವಿಲ್ಲ. ಮೊದಲ ಸಾಲಿನಲ್ಲಿ ಅವನ ಬೆರಳುಗಳು ಗಾಳಿಯಲ್ಲಿ ನಿಂತವು. ಮತ್ತೆ ಬಿದ್ದು, ಎರಡನೆಯ ಸಾಲಿನಲ್ಲಿ ಮತ್ತೆ ನಿಂತವು. ಮೂರನೆಯದಕ್ಕೆ ಅವನು ಬಾರಿಸುವುದನ್ನೇ ಬಿಟ್ಟು ಕಣ್ಣು ತೆರೆದ.

ಹಾಡು ಮುಗಿಯಿತು. ಅವನು ನನ್ನ ಕಡೆ ತಿರುಗಿದ.

"ನೀನೆಲ್ಲಿ?" ಎಂದ.

ಅವನೇ ಮುಂದುವರಿಸಿದ. ಆ ಜಾಗದಲ್ಲಿ ಅವನು ಇವತ್ತಿಗೂ, ಯಾವ ಊರಿನ ವೇದಿಕೆಯಲ್ಲಾದರೂ, ನನಗಾಗಿ ಒಂದು ಚೂರು ಕಾಯುತ್ತಾನಂತೆ. ಉಳಿದವರು ಬೈಯುತ್ತಾರಂತೆ. ಕೈಗೆ ಅಭ್ಯಾಸವಾಗಿಬಿಟ್ಟಿದೆ, ಏನು ಮಾಡಲಿ ಎಂದ.

ಮಗಳಿಗೆ ಜರ್ಮನ್ ಬರುವುದಿಲ್ಲ. ಹಿಂದಿನ ಸೀಟಿನಿಂದ ಬಗ್ಗಿ, "ಏನಂದ್ರು ಅಪ್ಪಾ?" ಎಂದಳು.

ಅವನ ಮೊದಲ ಮಾತನ್ನಷ್ಟೇ ಕನ್ನಡ ಮಾಡಿದೆ. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ಬೇರೆ ಯಾವ ಮಾತನ್ನೂ ಆಡಿಲ್ಲ.

"ನಾನು ಎಲ್ಲಿ ಅಂತ ಕೇಳ್ತಿದಾನೆ" ಎಂದೆ.

ಅವಳು ನಮ್ಮಿಬ್ಬರ ನಡುವಿನಿಂದ ಕೈ ಚಾಚಿ, ಸಿಡಿತವಿರುವ ಪ್ರತಿಯನ್ನು ಹಾಕಿ, ದನಿ ಜೋರು ಮಾಡಿದಳು.